ಕುಂದಾಮಾವಶಿಯ ಕಮಾನು

ಶ್ರಾವಣ ಹಿಡಿದರೆ ಸಾಕು, ಕುಂದಾ ಹಿರ್ಲೇಕರ್ ಮೆಟ್ಟಿಲು ಇಳಿಯುತ್ತಿದ್ದಾಳೆಂಬುದು ಕಾರ್ಲೇಕರ್ ಚಾಳಿನವರಿಗೆ ಕಣ್ಣಿಗಿಂತ ಮೊದಲು ಮೂಗಿಗೆ ತಿಳಿಯುತ್ತಿತ್ತು. ಅವಳ ಸೀರೆ, ಕೂದಲು, ಕೊನೆಗೆ ನೆರೆಮನೆಗೆ ಕಳಿಸಿದ ಪೋಹೆಯ ತಟ್ಟೆ ಕೂಡ ಸುಟ್ಟ ಥರ್ಮಾಕೋಲಿನ ವಾಸನೆ ಹೊಡೆಯುತ್ತಿತ್ತು. ಚೌತಿಗೆ ಮಖರ ಮಾಡುವವರು ಗಿರಗಾವಿನಲ್ಲಿ ಬೇಕಾದಷ್ಟು ಮಂದಿ ಇದ್ದರು. ಗಣಪತಿ ಕೂರುವ ಪುಟ್ಟ ಮಂಟಪ ಅದು; ಹಿಂದೊಂದು ಹಲಗೆ, ಅಕ್ಕಪಕ್ಕ ಕಂಬ, ಮುಂದೊಂದು ಕಮಾನು ಇದ್ದರೆ ಆಯಿತು. ಆದರೆ ಕಮಾನಿನ ಮೇಲೆ ನವಿಲು ಕೂರಿಸಿದರೆ ಅದು ನವಿಲಿನ ಹಾಗೇ ಕಾಣಬೇಕು ಅನ್ನುವವರು ಮಾತ್ರ ನೆಟ್ಟಗೆ ಕುಂದಾಮಾವಶಿಯ, ಅಂದರೆ ಎಲ್ಲರ ಕುಂದಾ ಚಿಕ್ಕಮ್ಮನ, ಬಾಗಿಲಿಗೆ ಬರುತ್ತಿದ್ದರು.

ನಿಜ ಹೇಳಬೇಕೆಂದರೆ ಆ ಕೀರ್ತಿಯಲ್ಲಿ ಅರ್ಧ ಪಾಲು ಅವಳ ಗಂಡ ಪ್ರಭಾಕರನದು. ಪಾಲಿಕೆಯ ನೀರಿನ ಇಲಾಖೆಯಲ್ಲಿ ನಕ್ಷೆ ಬರೆಯುವ ಕೆಲಸ ಅವನದು. ಹಗಲೆಲ್ಲ ಕೊಳವೆಗಳ ನೆಟ್ಟನೆ ಗೆರೆ ಎಳೆದು ಬೇಸತ್ತವನು ಸಂಜೆ ಮನೆಗೆ ಬಂದು ಸುರುಳಿ, ಬಳ್ಳಿ, ನವಿಲಿನ ಕೊರಳು ಬರೆಯುತ್ತ ಕೂರುತ್ತಿದ್ದ. ಅವನು ಬರೆದದ್ದನ್ನು ಕಾದ ತಂತಿಯ ಮೇಲೆ ಕತ್ತರಿಸುವುದು ಕುಂದಾಳ ಕೆಲಸ. ತಂತಿ ಒಂದೇ ಕಡೆ ಕೆಂಪಗೆ ಉರಿಯುತ್ತ ನಿಂತಿರುತ್ತದೆ, ಥರ್ಮಾಕೋಲನ್ನು ಅದರ ಸುತ್ತ ತಿರುಗಿಸಬೇಕು, ಒಂದು ಉಸಿರು ತಡೆದರೂ ಅಲ್ಲೊಂದು ತೂತು ಬೀಳುತ್ತದೆ. ಗಂಡ ಬೇಕಂತಲೇ ಕೂದಲೆಳೆಯಷ್ಟು ಸಣ್ಣ ಸುರುಳಿ ಬರೆದಿಟ್ಟಾಗ ಅವಳು ಬೈಯುತ್ತಿದ್ದಳು.

"ಬರಿಯೋರಿಗೇನ್ರೀ, ಪೆನ್ಸಿಲ್ಲಿಗೇನು ಕೈ ಸುಡ್ತದ?"

"ನಿನಗ ಆಗಂಗಿಲ್ಲಂದ್ರ ಹೇಳು, ನೆಟ್ಟನ ಗೆರಿ ಎಳದು ಕೊಡ್ತೀನಿ. ನೀರಿನ ಪೈಪಿನ ಮ್ಯಾಲ ಗಣಪತಿ ಕೂಡ್ರಲಿ."

ಆಮೇಲೆ ಅವಳು ಆ ಸುರುಳಿಯನ್ನು ಕತ್ತರಿಸಿ ತೋರಿಸಿಯೇ ಏಳುತ್ತಿದ್ದಳು. ಇವರಿಬ್ಬರ ಸಂಸಾರ ನಡೆದದ್ದೇ ಹೀಗೆ. ಅವನು ಬರೆಯುವುದು, ಅವಳು ಕತ್ತರಿಸುವುದು, ನಡುವೆ ಒಂದಿಷ್ಟು ಜಗಳ, ಮೇಲೆ ಒಂದು ಕಪ್ ಚಹಾ. ಮಕ್ಕಳಿರಲಿಲ್ಲ. ಆ ಕೊರಗನ್ನು ಅವರು ಯಾವ ಹೊತ್ತಿನಲ್ಲಿ ಪಡುತ್ತಿದ್ದರೋ, ನಮ್ಮ ಚಾಳಿನ ಯಾರ ಕಣ್ಣಿಗೂ ಬೀಳಲಿಲ್ಲ.

ಸರಕಾರ ಥರ್ಮಾಕೋಲನ್ನು ಬಂದ್ ಮಾಡಿದಾಗ ಮಖರದವರೆಲ್ಲ ಮೋರ್ಚಾ ಹೊರಟರು. ಕುಂದಾ ಹೋಗಲಿಲ್ಲ. ಒಂದು ವರ್ಷ ವಿಸರ್ಜನೆಯ ಮಾರನೇ ದಿನ ಚೌಪಾಟಿಗೆ ಹೋದಾಗ, ಅಲೆಯ ಬಾಯಲ್ಲಿ ತೇಲುವ ಬಿಳಿ ಚೂರುಗಳ ನಡುವೆ ತನ್ನದೇ ಕಂಬದ ತುಂಡೊಂದು ಅವಳಿಗೆ ಸಿಕ್ಕಿತ್ತು. ಅದನ್ನು ಎತ್ತಿಕೊಂಡು ಎಲ್ಲಿ ಹಾಕಬೇಕೆಂದು ತಿಳಿಯದೆ ಮನೆಗೇ ತಂದಿದ್ದಳು. "ಸರಕಾರ ಮಾಡಿದ್ದು ಬರೋಬ್ಬರಿ ಅದ" ಎಂದಳು. ಬರೋಬ್ಬರಿ ಎಂದು ಒಪ್ಪಿಕೊಂಡ ಮಾತ್ರಕ್ಕೆ ಕೈ ಸುಮ್ಮನಿರುತ್ತದೆಯೇ? ಸೀರೆಗಳಿಗೆ ಫಾಲ್ ಹೊಲಿಯುವ ಕೆಲಸ ಹಿಡಿದಳು. ಅದೇ ಹೊತ್ತಿಗೆ ಪ್ರಭಾಕರ ನಿವೃತ್ತನಾದ, ಅವನ ಬಲಗೈ ನಡುಗಲು ಶುರುವಾಯಿತು. ಮೊದಲು ಬಸಿಯಲ್ಲಿ ಚಹಾ ತುಳುಕಿತು, ಆಮೇಲೆ ಪೆನ್ಸಿಲ್ ತುಳುಕಿತು. ಡಾಕ್ಟರು ಗುಳಿಗೆ ಕೊಟ್ಟು, ವಯಸ್ಸು ಎಂದರು. ಕಾದ ತಂತಿಯ ಮೇಜು ಮಂಚದ ಕೆಳಗೆ ಹೋಯಿತು.

ಹೀಗೆ ಎರಡು ಮೂರು ಚೌತಿ ಕಳೆದ ಮೇಲೆ ಒಂದು ದಿನ ಫಾಲ್ ತರಲು ಪೇಟೆಗೆ ಹೋದವಳು ಒಂದು ಅಂಗಡಿಯ ಮುಂದೆ ನಿಂತುಬಿಟ್ಟಳು. ಪ್ಲೈವುಡ್ಡಿನ ಮಖರ. ತೆಳ್ಳಗಿನ ಹಲಗೆಯನ್ನು ಲೇಸರ್ ಯಂತ್ರದಲ್ಲಿ ಕತ್ತರಿಸಿ, ಬಿಡಿ ಬಿಡಿ ಭಾಗ ಮಾಡಿ, ಮೊಳೆಯಿಲ್ಲದೆ ಒಂದರೊಳಗೊಂದು ಸಿಕ್ಕಿಸಿದ್ದು. ಅಂಚು ಕತ್ತಿಯಲ್ಲಿ ಬೆಣ್ಣೆ ಕೊಯ್ದಷ್ಟು ನಯ. ಕುಂದಾ ಬೆರಳಾಡಿಸಿ ನೋಡಿದಳು, ಹೊಟ್ಟೆಕಿಚ್ಚಾಯಿತು. ನಂತರ ಕಮಾನಿನ ಮೇಲಿನ ನವಿಲು ನೋಡಿದಳು, ಸಮಾಧಾನವಾಯಿತು.

"ಯಾಕಪ್ಪಾ, ಈ ನವಿಲಿಗೆ ನೆಗಡಿ ಆಗ್ಯದೇನು?" ಎಂದು ಅಂಗಡಿಯವನನ್ನು ಕೇಳಿದಳು.

"ಮಾವಶಿ, ಹೋದ ವರ್ಷ ಇದ ನವಿಲು ನೂರಾರು ಮನ್ಯಾಗ ಕೂತು ಬಂದದ. ಯಾರೂ ಕಷಾಯ ಕುಡಸ್ರಿ ಅಂತ ಹೇಳಿಲ್ಲ. ನಿಮಗ ಸೇರಂಗಿಲ್ಲಂದ್ರ ನೀವ ಮಾಡ್ರಿ."

ಅವನು ಗಿರಾಕಿಯನ್ನು ಸಾಗಹಾಕಲು ಆಡಿದ ಮಾತು. ಕುಂದಾ ಅದನ್ನು ಮನಸ್ಸಿಗೆ ಹಚ್ಚಿಕೊಂಡು ಮನೆಗೆ ಬಂದಳು.

ಅದೇ ವಾರ ದಾದರಿನಿಂದ ಮಾಈ ಬರ್ವೆಯ ಫೋನು ಬಂತು. ಕುಂದಾ ಚಾಳಿಗೆ ಸೊಸೆಯಾಗಿ ಬಂದ ವರ್ಷದಿಂದ ಬರ್ವೆ ಮನೆಯ ಗಣಪತಿಗೆ ಹಿರ್ಲೇಕರರ ಮಖರವೇ. ಮಾಈಗೆ ಈಗ ಎಂಬತ್ತು ದಾಟಿದೆ, ಕಿವಿ ಮಂದ, ನಾಲಿಗೆ ಮಾತ್ರ ಹೊಸದು.

"ಕುಂದೆ, ಥರ್ಮಾಕೋಲ್ ಬಂದಾದಾಗಿಂದ ಗಣಪತಿ ಹಿಂದ ಸೀರಿ ಕಟ್ಟಿ ಕಟ್ಟಿ ಸಾಕಾತು. ಅಂವ ಪೂಜಾಕ್ಕ ಬಂದಾನೋ, ಒಣಾ ಹಾಕಿದ ಅರಿವಿ ಕಾಯ್ಲಿಕ್ಕೆ ಕೂತಾನೋ ತಿಳೀವಲ್ದು. ಈ ಸಲ ಮಖರ ಬೇಕು. ನಿನಗ ಆಗಂಗಿಲ್ಲಂದ್ರ ಈಗ ಹೇಳಿಬಿಡು, ಮೊಮ್ಮಗ ಎಲ್ಲಿಂದೋ ತರಸ್ತಾನಂತ."

"ಆಗ್ತದ" ಎಂದಳು ಕುಂದಾ. ಹೇಗೆ ಆಗುತ್ತದೆ ಎಂಬುದು ಅವಳಿಗೂ ಗೊತ್ತಿರಲಿಲ್ಲ. ಫೋನಿಟ್ಟು ಗಂಡನ ಎದುರು ಕೂತು, ಒಳಗಿದ್ದುದನ್ನು ಬಾಯಿಬಿಟ್ಟು ಹೇಳಿದಳು. "ಈ ಒಂದು ಮಖರ ಬರ್ವೆ ಮನ್ಯಾಗ ನೆಟ್ಟಗ ನಿಂತರ ನಾ ಇನ್ನೂ ಮಖರದಾಕಿ. ನಿಲ್ಲಲಿಲ್ಲಂದ್ರ ತಂತಿ, ಮೇಜು ಎಲ್ಲಾ ಗುಜರಿಗೆ ಹಾಕಿ ಡೊಂಬಿವಲಿಗೆ ಹೋಗೂಣು. ತಂಗಿ ಊಟದ ಡಬ್ಬಾ ಮಾಡಲಿಕ್ಕೆ ಕೈ ಬೇಕಂತ ಕರೀಲಿಕತ್ತಾಳ. ಚಪಾತಿ ಲಟ್ಟಸ್ತೀನಿ."

ಪ್ರಭಾಕರ ನಗಲಿಲ್ಲ. ಹೆಂಡತಿಯ ಚಪಾತಿ ಒಂದೂ ಗುಂಡಗೆ ಬರುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಅವಳು ಹುಡುಗಾಟಕ್ಕೆ ಹೇಳುತ್ತಿಲ್ಲವೆಂಬುದೂ ಗೊತ್ತಿತ್ತು.

ಲೋಹಾರ್ ಚಾಳಿನ ಹಿಂದಿನ ಗಲ್ಲಿಯಲ್ಲಿ ಹಾತಿಮ್‌ಭಾಯಿಯ ಅಂಗಡಿ. ಬಾಗಿಲಿಗೆ ಹಾಕುವ ಹೆಸರಿನ ಹಲಗೆ, ಶಾಲೆಯ ಬಹುಮಾನ, ಕೀಲಿ ಗೊಂಚಲು ಇವನ್ನೆಲ್ಲ ಲೇಸರಿನಲ್ಲಿ ಕತ್ತರಿಸಿ ಕೊಡುವವನು. ಯಂತ್ರ ನಡೆಸುವವಳು ಅವನ ತಂಗಿಯ ಮಗಳು ಇನ್ಸಿಯಾ. ಬೋಹರಾ ಹೆಂಗಸರ ಝಾಲರಿನ ರಿದಾ ಎಂಬ ಮೇಲುಡುಪು ತೊಟ್ಟು, ತೋಳು ಮೇಲೆ ಸರಿಸಿ, ಕಂಪ್ಯೂಟರಿನ ಮುಂದೆ ಕೂತ ಇಪ್ಪತ್ತೈದರ ಹುಡುಗಿ. ಕುಂದಾ ಪ್ಲಾಸ್ಟಿಕ್ ಚೀಲದಿಂದ ಗಂಡನ ಹಳೆಯ ಕಾಗದಗಳನ್ನು ತೆಗೆದು ಹರವಿದಾಗ ಹಾತಿಮ್‌ಭಾಯಿ ಕನ್ನಡಕ ಏರಿಸಿದ.

"ತಾಯಿ, ಕಾಗದಾ ಕೊಟ್ಟು ಹೋಗ್ರಿ, ಕತ್ತರಿಸಿ ಕೊಡ್ತೀವಿ."

"ಕತ್ತರಿಸಾಕಿ ನಾನು. ನನಗ ಕಲಿಸ್ರಿ."

"ಇದು ಸ್ಕೂಲ್ ಅಲ್ಲ."

"ಗೊತ್ತದ. ಸ್ಕೂಲ್ ಆಗಿದ್ರ ನನ್ನ ಸೇರಿಸ್ಕೋತಿದ್ದಿಲ್ಲ."

ಇನ್ಸಿಯಾ ನಕ್ಕಳು. ಅಷ್ಟೇ ಸಾಕಾಯಿತು. ಮಧ್ಯಾಹ್ನ ಗಿರಾಕಿ ಕಡಿಮೆ ಇರುವ ಹೊತ್ತಿನಲ್ಲಿ ಬಂದು ಕೂರಬಹುದು, ಬದಲಿಗೆ ಅಂಗಡಿಯ ಬಹುಮಾನಗಳಿಗೆ ರಿಬ್ಬನ್ ಕಟ್ಟಿಕೊಡಬೇಕು ಎಂದು ಒಪ್ಪಂದವಾಯಿತು.

ಮೊದಲ ಪಾಠ ಕಂಪ್ಯೂಟರಿನ ಇಲಿ, ಅಂದರೆ ಮೌಸು, ಹಿಡಿಯುವುದು. ಆ ಇಲಿ ಕುಂದಾಳ ಕೈಯಲ್ಲಿ ನಿಜವಾದ ಇಲಿಯ ಹಾಗೇ ಓಡಾಡಿತು. ಆದರೆ ತಂತಿಯ ಸುತ್ತ ಹಲಗೆ ತಿರುಗಿಸಿದ ಕೈ ಅದು, ಬಹಳ ದಿನ ಸೋಲಲಿಲ್ಲ. ಗೆರೆಯನ್ನು ಕೆಂಪಾಗಿ ಬರೆದರೆ ಯಂತ್ರ ಕತ್ತರಿಸುತ್ತದೆ, ಕಪ್ಪಾಗಿ ಬರೆದರೆ ಬರಿಯ ಮೇಲೆ ಸುಟ್ಟು ಗುರುತು ಮಾಡುತ್ತದೆ ಎಂದು ಕಲಿತಳು. ಯಂತ್ರ ನಡೆಯುವಾಗ ಅದಕ್ಕೆ ಬೆನ್ನು ತೋರಿಸಬಾರದು ಎಂದು ಇನ್ಸಿಯಾ ಹೇಳಿದಾಗ, "ಒಲಿ ಮ್ಯಾಲ ಹಾಲಿಟ್ಟಂಗ ಅನ್ನು" ಎಂದು ಅರ್ಥ ಮಾಡಿಕೊಂಡಳು. ಮುಚ್ಚಳದ ಗಾಜಿನೊಳಗೆ ಸಾಸಿವೆಯಷ್ಟು ಬೆಳಕು ಹಲಗೆಯ ಮೇಲೆ ಸುರುಳಿ ಸುತ್ತುವುದನ್ನು ನೋಡಿ ಅವಳಿಗೆ ಕಣ್ಣು ತುಂಬಿ ಬಂತು. ಇಲ್ಲಿ ಹಲಗೆ ಸುಮ್ಮನಿತ್ತು, ಬೆಂಕಿಯೇ ಸುತ್ತುತ್ತಿತ್ತು. ತಾನು ಇಷ್ಟು ವರ್ಷ ಉಸಿರು ಹಿಡಿದು ಮಾಡಿದ್ದನ್ನು ಅದು ಉಸಿರಿಲ್ಲದೆ ಮಾಡುತ್ತಿತ್ತು.

ಕಣ್ಣೀರು ಆರುವುದರೊಳಗೆ ಎಡವಟ್ಟೂ ಆಯಿತು. ಅವಳೇ ಬರೆದ ಮೊದಲ ಕಮಲವನ್ನು ಯಂತ್ರದಿಂದ ಎತ್ತಿದರೆ ನಡುವಿನ ಗುಂಡು ಕೆಳಗೆ ಉದುರಿತು, ದಳಗಳೂ ಹಿಂದೆಯೇ ಉದುರಿದವು, ಕೈಯಲ್ಲಿ ಉಳಿದದ್ದು ಕಮಲದಾಕಾರದ ತೂತು.

"ಮಾವಶಿ, ಸುತ್ತೂಕಡೆ ಕೆಂಪು ಗೆರಿ ಹಾಕಿದ್ರ ಅದು ಯಾರ ಕೈ ಹಿಡಕೊಂಡು ನಿಲ್ಲಬೇಕು?" ಎಂದಳು ಇನ್ಸಿಯಾ. "ಪ್ರತಿಯೊಂದಕ್ಕೂ ಒಂದು ಕೈ ಬಿಡ್ರಿ, ಬಾಜೂದ್ದನ್ನ ಹಿಡಕೊಳ್ಳಲಿಕ್ಕೆ."

ಎರಡನೆಯ ಎಡವಟ್ಟು ಥರ್ಮಾಕೋಲಿನವರಷ್ಟೇ ಮಾಡುವಂಥದ್ದು. ಥರ್ಮಾಕೋಲ್ ಒತ್ತಿದರೆ ತಗ್ಗುತ್ತದೆ, ಆದ್ದರಿಂದ ಗಾಡಿಯನ್ನು, ಅಂದರೆ ಇನ್ನೊಂದು ತುಂಡು ಸಿಕ್ಕಿಸುವ ಸೀಳನ್ನು, ಒಂದು ನೂಲು ಬಿಗಿಯಾಗಿಯೇ ಬಿಡುವುದು ಅವಳ ಕೈಗೆ ಅಂಟಿದ ಅಭ್ಯಾಸ. ಪ್ಲೈವುಡ್ಡಿಗೆ ಅಂಥ ದಾಕ್ಷಿಣ್ಯವಿಲ್ಲ. ಒತ್ತಿದಳು, ಹೋಗಲಿಲ್ಲ, ಗುದ್ದಿದಳು, ಕಂಬ ಸೀಳಿತು. ಆಗ ಇನ್ಸಿಯಾ ಅವಳಿಗೆ ಒಂದು ಹಣಿಗೆ ಮಾಡಿಕೊಟ್ಟಳು. ಅಂಗೈ ಅಗಲದ ಪ್ಲೈವುಡ್ ಪಟ್ಟಿ. ಅದರ ಒಂದು ಅಂಚಿಗೆ ಸಾಲಾಗಿ ಸೀಳುಗಳು, ಒಂದಕ್ಕಿಂತ ಒಂದು ಕೂದಲಷ್ಟು ಅಗಲ, ಪ್ರತಿಯೊಂದರ ಕೆಳಗೆ ಸುಟ್ಟು ಬರೆದ ಅಳತೆ. ಹೊಸ ಹಲಗೆ ಬಂದಾಗ ಅದರ ಅಂಚನ್ನು ಈ ಸೀಳುಗಳಲ್ಲಿ ಸಿಕ್ಕಿಸಿ ನೋಡಬೇಕು. ಯಾವುದರಲ್ಲಿ ಗಟ್ಟಿಯಾಗಿಯೂ ಸಲೀಸಾಗಿಯೂ ಕೂರುತ್ತದೋ ಆ ಅಳತೆ ಹಿಡಿಯಬೇಕು. ಕುಂದಾ ಅದನ್ನು ಕೈಚೀಲದಲ್ಲಿ ಕುಂಕುಮದ ಡಬ್ಬಿಯ ಪಕ್ಕದಲ್ಲೇ ಇಟ್ಟುಕೊಂಡಳು.

ಮೂರನೆಯದನ್ನು ಎಡವಟ್ಟು ಅನ್ನುವ ಹಾಗಿಲ್ಲ, ಆದರೆ ನೋವಾದದ್ದು ಅದರಿಂದಲೇ. ಬರ್ವೆ ಮಖರಕ್ಕೆ ಹೊಸ ಕಮಾನು ಬೇಕೆಂದು ಪ್ರಭಾಕರ ಹಟ ಹಿಡಿದು ತಾನೇ ಬರೆದ. ಎದುರುಬದರು ಎರಡು ನವಿಲು, ನಡುವೆ ಬಳ್ಳಿಯ ಜಾಲರಿ. ಬಲಗೈಯನ್ನು ಎಡಗೈಯಲ್ಲಿ ಅದುಮಿ ಹಿಡಿದು ವಾರಗಟ್ಟಲೆ ಬರೆದ. ಗೆರೆಗಳೆಲ್ಲ ಗಾಳಿ ಹೊಕ್ಕ ನೀರಿನ ಹಾಗೆ ಅಲುಗಿದ್ದವು. ಇನ್ಸಿಯಾ ಅದನ್ನು ಕಂಪ್ಯೂಟರಿಗೆ ಏರಿಸಿ, ಒಂದು ಗುಂಡಿ ಒತ್ತಿದಳು. ನಡುಕವೆಲ್ಲ ಒಂದೇ ಕ್ಷಣದಲ್ಲಿ ಮಾಯವಾಗಿ ನವಿಲಿನ ಕೊರಳು ನುಣ್ಣಗೆ ಬಾಗಿತು.

"ಹಿಂಗ ನಡಗಿದ ಗೆರಿ ಬಿಟ್ರ ಯಂತ್ರ ಹೆಜ್ಜಿ ಹೆಜ್ಜಿಗೂ ನಿಂತು ನಿಂತು ಹೋಗ್ತದ ಮಾವಶಿ, ಅಂಚು ಕರೀ ಆಗ್ತದ" ಎಂದಳು. ಮಾತು ಸರಿಯೇ. ಕುಂದಾ ಒಪ್ಪಿದಳು.

ಕತ್ತರಿಸಿದ ಕಮಾನನ್ನು ಮನೆಗೆ ತಂದು ಗಂಡನ ಮುಂದಿಟ್ಟಳು. ಅವನು ನವಿಲಿನ ಕೊರಳ ಮೇಲೆ ಬೆರಳಾಡಿಸಿ ನೋಡಿದ.

"ಚಂದ ಅದ" ಎಂದ. "ಯಾರು ಬರದದ್ದು?"

ವ್ಯಂಗ್ಯವಿದ್ದಿದ್ದರೆ ಕುಂದಾ ತಿರುಗಿ ಅನ್ನುತ್ತಿದ್ದಳು, ಅದರಲ್ಲಿ ಅವಳು ಗಟ್ಟಿಗಿತ್ತಿ. ವ್ಯಂಗ್ಯವಿರಲಿಲ್ಲ. ಅವಳು ಒಳಗೆ ಹೋಗಿ ಚಹಾಕ್ಕೆ ಇಟ್ಟಳು, ಸಕ್ಕರೆ ಹಾಕಲು ಮರೆತಳು, ಅವನೂ ಹೇಳದೆ ಕುಡಿದ. ಕಮಾನು ಹಾಗೇ ಉಳಿಯಿತು, ಇನ್ನೊಂದು ಮಾಡಲು ಹಲಗೆಯೂ ಇರಲಿಲ್ಲ, ದಿನವೂ ಇರಲಿಲ್ಲ.

ಮಖರದ ಜೋಡಣೆ ಮಾತ್ರ ಪೂರಾ ಅವಳದೇ. ಅದರ ಬಗ್ಗೆ ಅವಳಿಗೆ ಒಂದಿಷ್ಟು ಜಂಬವೂ ಇತ್ತು. ಮೊಳೆಯಿಲ್ಲ, ಅಂಟಿಲ್ಲ. ಕೆಳಗೊಂದು ಅಡಿಹಲಗೆ, ಅದರ ಸೀಳಿನಲ್ಲಿ ಎರಡು ಕಂಬ ಮೇಲಿನಿಂದ ಇಳಿಯುತ್ತವೆ, ಇಳಿದ ಕಾಲಿಗೆ ಹಲಗೆಯ ಕೆಳಗಿನಿಂದ ಒಂದೊಂದು ಪುಟ್ಟ ಬೆಣೆ. ಬೆಣೆ ಹೊಕ್ಕರೆ ಕಂಬ ಅಲುಗುವುದಿಲ್ಲ. ಕಮಾನಿನ ಎರಡು ತುದಿಗೂ ನಾಲಿಗೆಯಂಥ ತುಂಡುಗಳಿವೆ, ಅವು ಅತ್ತಿತ್ತಿನ ಕಂಬಗಳ ಒಳಮೈಯ ಸೀಳಿನಲ್ಲಿ ಕೂರುತ್ತವೆ.

"ಯಾವುದು ಮೊದಲ, ಯಾವುದು ಕಡೀಕ, ಅದನ್ನ ವಿಚಾರ ಮಾಡೀರೇನು?" ಎಂದು ಇನ್ಸಿಯಾ ಕೇಳಿದ್ದಳು.

"ಜೋಡಸೂದು ನನಗ ಬಿಡು. ನೀ ಹುಟ್ಟೂ ಮೊದಲಿಂದ ಜೋಡಸ್ಲಿಕತ್ತೀನಿ."

ಮನೆಯ ಮೇಜಿನ ಮೇಲೆ ಜೋಡಿಸಿಯೂ ನೋಡಿದಳು. ಕಮಾನನ್ನು ನಡುವೆ ಹಿಡಿದು, ಎರಡು ಕಂಬಗಳನ್ನು ಅತ್ತಿತ್ತಿನಿಂದ ಒತ್ತಿ, ಮೂರನ್ನೂ ಒಟ್ಟಿಗೆ ಅಡಿಹಲಗೆಗೆ ಇಳಿಸಿ, ಬೆಣೆ ಬಡಿದಳು. ದೇವಸ್ಥಾನದ ಹಾಗೆ ನಿಂತಿತು. ಚಾಳಿನವರೆಲ್ಲ ಬಂದು ನೋಡಿ ಹೋದರು. ಆಮೇಲೆ ಬಿಚ್ಚಿ, ಒಂದರ ಮೇಲೊಂದು ಪೇರಿಸಿ, ಹಳೆಯ ಬೆಡ್‌ಶೀಟಿನಲ್ಲಿ ಕಟ್ಟಿದಳು. ಥರ್ಮಾಕೋಲಿನ ಕಾಲದಲ್ಲಿ ಟೆಂಪೋ ಹೇಳಿ, ಮಳೆಗೆ ಹೆದರಿ, ದಾರಿಯುದ್ದಕ್ಕೂ ಚಾಲಕನನ್ನು ಬೈಯುತ್ತ ಹೋಗುತ್ತಿದ್ದ ಮಖರ ಈಗ ಕಂಕುಳಲ್ಲಿ ಹಿಡಿಸಿತು. ಗಂಡ ಹೆಂಡಿರಿಬ್ಬರೂ ಟ್ಯಾಕ್ಸಿ ಹತ್ತಿ ದಾದರಿಗೆ ಹೋದರು.

ಬರ್ವೆ ಮನೆಗೊಂದು ಪದ್ಧತಿಯಿತ್ತು. ಚೌತಿಯ ಹಿಂದಿನ ಸಂಜೆ ಕುಂದಾ ಹೋಗಿ ಹಿಂದಿನ ಹಲಗೆ, ಕಂಬ ನಿಲ್ಲಿಸಿ ಬರುವುದು. ಕಮಾನು ಅರಿವೆಯಲ್ಲಿ ಸುತ್ತಿಟ್ಟೇ ಇರಬೇಕು. ಮರುದಿನ ಗಣಪತಿ ಕೂತು, ಗುರೂಜಿ ಪ್ರಾಣಪ್ರತಿಷ್ಠೆ ಮಾಡಿದ ಮೇಲೆ, ಅವರ ಕೈ ಆಡಲು ಇನ್ನು ಜಾಗ ಬೇಡವೆಂದಾದ ಮೇಲೆ, ಕುಂದಾ ಬಂದು ತನ್ನ ಕೈಯಾರ ಕಮಾನು ಏರಿಸುವುದು. ಅದು ಏರಿದ ಮೇಲೆಯೇ ಮೊದಲ ಆರತಿ. ಥರ್ಮಾಕೋಲಿನಲ್ಲಿ ಎರಡು ಗುಂಡುಪಿನ್ನು ಚುಚ್ಚಿದರೆ ಮುಗಿಯುತ್ತಿತ್ತು.

ಆ ಸಂಜೆಯೂ ಕುಂದಾಳ ಕೈ ತನ್ನ ಪಾಡಿಗೆ ತಾನು ಪದ್ಧತಿ ನಡೆಸಿತು. ಕಂಬ ಇಳಿಸಿತು, ಬೆಣೆ ಬಡಿಯಿತು, ಕಮಾನನ್ನು ಅರಿವೆಯಲ್ಲಿ ಸುತ್ತಿ ಮಾಈಯ ಕಪಾಟಿನಲ್ಲಿಟ್ಟಿತು. ಮನಸ್ಸು ಆಗ ಎಲ್ಲಿತ್ತೋ.

ಮಾರನೇ ಬೆಳಿಗ್ಗೆ ಮನೆ ತುಂಬ ಬರ್ವೆಗಳು. ಅಡುಗೆಮನೆಯಿಂದ ಮೋದಕದ ಹಬೆ, ನಡುಮನೆಯಲ್ಲಿ ಗಣಪತಿ ಮಖರದೊಳಗೆ ಅಡಿಹಲಗೆಯ ಮೇಲೆ ಠಾಕಠೀಕಾಗಿ ಕೂತಿದ್ದ. ಮಂತ್ರ ಮುಗಿಯಿತು. ಮಕ್ಕಳು ತಾಳ ಹಿಡಿದು ನಿಂತರು. ಕುಂದಾ ಕಮಾನಿನ ಅರಿವೆ ಬಿಚ್ಚಿದಾಗ ಎಲ್ಲರೂ ನವಿಲು ನೋಡಿ ಆಹಾ ಅಂದರು. ಅವಳು ಕಮಾನನ್ನು ಕಂಬಗಳ ಮುಂದೆ ಹಿಡಿದಳು.

ನಾಲಿಗೆ ಸೀಳಿಗೆ ಹೋಗಬೇಕಾದರೆ ಕಂಬ ಆಚೆ ಸರಿಯಬೇಕು. ಕಂಬ ಸರಿಯಬೇಕಾದರೆ ಬೆಣೆ ತೆಗೆಯಬೇಕು. ಬೆಣೆ ಅಡಿಹಲಗೆಯ ಕೆಳಗೆ. ಅಡಿಹಲಗೆಯ ಮೇಲೆ ಗಣಪತಿ. ಪ್ರಾಣ ತುಂಬಿದ ಗಣಪತಿಯನ್ನು ಉತ್ತರಪೂಜೆಯಾಗುವವರೆಗೆ ಕದಲಿಸುವ ಹಾಗಿಲ್ಲ.

ಕುಂದಾ ಒಮ್ಮೆ ಎಡಕ್ಕೆ ಓರೆ ಮಾಡಿ ನೋಡಿದಳು, ಒಮ್ಮೆ ಬಲಕ್ಕೆ.

"ಏನಾತು?" ಎಂದಳು ಮಾಈ, ಕುರ್ಚಿಯಿಂದ.

"ಹೋಗವಲ್ದು."

"ಏನಂದಿ?"

"ಕಮಾನು ಹೋಗವಲ್ದು ಮಾಈ. ಇದು ಮೊದಲ ಹೋಗಬೇಕಿತ್ತು. ನಾ ಕಡೀಕ ಇಟ್ಟೆ."

ಕಿವಿ ಮಂದವಿದ್ದ ಮಾಈಗೂ ಇದು ಕೇಳಿಸಿತು. ಮೊಮ್ಮಗ ಶಂತನು ಮುಂದೆ ಬಂದ. "ಅಜ್ಜಿ, ಒಂದ ಮಿನಿಟು, ನಾಲ್ಕು ಮಂದಿ ಹಿಡದು ಗಣಪತಿನ್ನ ಒಂದೀಟು ಎತ್ತಿಬಿಡೂಣು."

"ಊಟಕ್ಕ ಕೂತ ಹಿರಿಯಾನ್ನ ತಾಟು ಸರಸಲಿಕ್ಕೆ ಎಬ್ಬಸ್ತೀಯೇನು? ಕೂತಾಂವ ಕೂತಾನ."

"ಹಂಗಾರ ನಾಲಿಗಿ ಕತ್ತರಿಸಿ ಅಂಟು ಹಚ್ಚೂಣು."

"ಅಂಟು ಒಣಗೂದ್ರಾಗ ಗೌರಿ ಬಂದು ಹೋಗಿರ್ತಾಳ" ಎಂದರು ಗುರೂಜಿ, ಗಡಿಯಾರ ನೋಡುತ್ತ; ನಮ್ಮ ಕಡೆ ಗೌರಿ ಬರುವುದು ಚೌತಿ ಕಳೆದು ಎರಡು ಮೂರು ದಿನಕ್ಕೆ. "ತಾಯಿ, ನನಗ ಇನ್ನೂ ಭಾಳ ಮನಿ ಅವ. ಈ ವರ್ಷ ಕಮಾನಿಲ್ಲದ ಆರತಿ ಮಾಡಿದ್ರ ದೇವರು ಬ್ಯಾಡಂತಾನೇನು?"

ಮಾಈ ಕುಂದಾಳ ಮುಖ ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು. ಹೊರಗೆ ರಸ್ತೆ ತುಂಬ ಗಣಪತಿಗಳು, ಢೋಲು, ಟ್ಯಾಕ್ಸಿ ಅಲುಗುವ ಹಾಗಿಲ್ಲ. ಹಾತಿಮ್‌ಭಾಯಿಯ ಅಂಗಡಿ ಇನ್ನೊಂದು ದೇಶದಲ್ಲಿದ್ದಷ್ಟು ದೂರ. ಕುಂದಾ ಕಮಾನು ಹಿಡಿದುಕೊಂಡೇ ನಿಂತಿದ್ದಳು. ಅವಳ ಕಣ್ಣ ಮುಂದೆ ಡೊಂಬಿವಲಿಯ ಅಡುಗೆಮನೆ ಬಂತು, ಗುಂಡಗಾಗದ ಚಪಾತಿಗಳು ಬಂದವು. ಮೇಜನ್ನು ಗುಜರಿಯವನು ಹೊತ್ತು ಮೆಟ್ಟಿಲಿಳಿಯುವುದೂ ಕಾಣಿಸಿತು.

"ಕುಂದಾ" ಎಂದ ಪ್ರಭಾಕರ. ಅವನು ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ. "ಎರಡ ಹೋಳು ಮಾಡು."

"ಏನು?"

"ಕಮಾನು. ನಡುವ ಕತ್ತರಿಸು. ಅರ್ಧಾ ಈ ಕಂಬಕ್ಕ ಹೋಗ್ತದ, ಅರ್ಧಾ ಆ ಕಂಬಕ್ಕ. ನಡುವ ಬಂದು ಕೂಡ್ತಾವ."

ಅವಳಿಗೆ ಅದು ಹೊಳೆಯಲಿಲ್ಲವೆಂದಲ್ಲ. ಹೊಳೆದಿತ್ತು, ಕೈ ಏಳಲಿಲ್ಲ. ಅವನು ಬಲಗೈಯನ್ನು ಎಡಗೈಯಲ್ಲಿ ಅದುಮಿ ಹಿಡಿದು ಬರೆದದ್ದು ಅದು. ಒಮ್ಮೆ ನುಣ್ಣಗೆ ಮಾಡಿ ಅವನ ಗೆರೆ ಕಳೆದದ್ದಾಗಿತ್ತು, ಈಗ ಗರಗಸ ಬೇರೆ ಇಡಬೇಕೆ?

"ನೀವು ಬರದದ್ದರೀ ಇದು."

"ನಾ ಬರದದ್ದನ್ನ ಕತ್ತರಿಸೂದು ಬಿಟ್ಟು ನೀ ಇಷ್ಟ ವರ್ಷ ಮತ್ತೇನು ಮಾಡೀ?"

ಯಾರೋ ನಕ್ಕರು. ಕುಂದಾ ಕಮಾನನ್ನು ನೆಲಕ್ಕಿಟ್ಟು ಕೈಚೀಲ ತೆರೆದಳು. ಹಳೆಯ ಅಭ್ಯಾಸ, ಚೀಲದಲ್ಲಿ ತಂತಿಯಷ್ಟು ಸಪೂರದ ಗರಗಸವೊಂದು ಯಾವಾಗಲೂ ಇರುತ್ತಿತ್ತು. ಪ್ರಭಾಕರ ಪಕ್ಕದಲ್ಲಿ ಬಂದು ಕೂತ, ಶಂತನುವಿನ ಜೇಬಿನಿಂದ ಪೆನ್ನು ಕಿತ್ತುಕೊಂಡ, ಎರಡು ನವಿಲುಗಳ ನಡುವೆ ಮೇಲಿಂದ ಕೆಳಗೆ ಒಂದು ಗೆರೆ ಎಳೆದ. ಈ ಸಲ ಎಡಗೈಯಲ್ಲಿ ಅದುಮಿ ಹಿಡಿಯಲೂ ಇಲ್ಲ. ಗೆರೆ ಅತ್ತ ಹೋಯಿತು, ಇತ್ತ ಬಂತು, ಹಾವು ಹರಿದ ಹಾಗೆ ಹರಿಯಿತು.

"ನೆಟ್ಟಗ ಬರಲಿಲ್ಲ" ಎಂದ.

"ಇರಲಿ ಬಿಡ್ರಿ" ಎಂದಳು ಕುಂದಾ. ಗುಂಡಿ ಒತ್ತಲು ಅಲ್ಲಿ ಯಾರೂ ಇರಲಿಲ್ಲ. ಅವಳು ಆ ಗೆರೆಯ ಮೇಲೆಯೇ ಗರಗಸ ನಡೆಸಿದಳು. ಅದು ಅತ್ತ ಹೋದಲ್ಲಿ ಅತ್ತ, ಇತ್ತ ಬಂದಲ್ಲಿ ಇತ್ತ. ಕಾದ ತಂತಿಯ ಮುಂದೆ ಹಿಡಿಯುತ್ತಿದ್ದ ಹಾಗೇ ಉಸಿರು ಹಿಡಿದಿದ್ದಳು. ಗುರೂಜಿ ಗಡಿಯಾರ ನೋಡುವುದನ್ನು ಬಿಟ್ಟು ಬಗ್ಗಿ ನೋಡುತ್ತಿದ್ದರು.

ಹೋಳುಗಳಾದವು. ಎಡದ ನವಿಲು ಎಡಗಂಬಕ್ಕೆ ಹೋಯಿತು, ಬಲದ ನವಿಲು ಬಲಗಂಬಕ್ಕೆ. ನಡುವೆ ಬಂದು ಎರಡೂ ಕೂಡಿದವು. ಕೂಡಿದ್ದು ಮಾತ್ರವಲ್ಲ, ಕಚ್ಚಿಕೊಂಡವು. ಒಂದರ ಡೊಂಕು ಇನ್ನೊಂದರ ಡೊಂಕಿನೊಳಗೆ ಕೂತುಬಿಟ್ಟಿತ್ತು. ನೆಟ್ಟನೆ ಗೆರೆಯಾಗಿದ್ದರೆ ಒಂದು ಹೋಳು ಮೇಲಕ್ಕೋ ಕೆಳಕ್ಕೋ ಜಾರುತ್ತಿತ್ತು, ಇದು ಜಾರಲಿಲ್ಲ. ಮುಂದಕ್ಕೆ ಬಾಗದ ಹಾಗೆ ಹಿಂದಿನಿಂದ ಒಂದು ಆಸರೆ ಬೇಕಿತ್ತು, ಅಷ್ಟೇ. ಕುಂದಾ ಚೀಲದಿಂದ ಇನ್ಸಿಯಾಳ ಹಣಿಗೆ ತೆಗೆದು ಸಂದಿಯ ಹಿಂದೆ ಅಡ್ಡ ಇಟ್ಟಳು, ಪೂಜೆಯ ತಟ್ಟೆಯಿಂದ ಕೆಂಪು ಹಳದಿ ದಾರ ಎತ್ತಿಕೊಂಡು ಜಾಲರಿಯ ತೂತಿನಿಂದ ಹಣಿಗೆಯ ಹಲ್ಲಿಗೆ, ಹಲ್ಲಿನಿಂದ ತೂತಿಗೆ, ಮುರಿದ ಕೈಗೆ ಪಟ್ಟಿ ಕಟ್ಟುವ ಹಾಗೆ ಬಿಗಿದಳು. ಹಲ್ಲುಗಳು ಕಮಾನಿನ ಮೇಲೆ ಸಾಲಾಗಿ ಇಣುಕಿದವು. ಕೈ ಬಿಟ್ಟು ಹಿಂದೆ ಸರಿದಳು. ನಿಂತಿತು.

ಮಾಈ ಕನ್ನಡಕ ಹಾಕಿಕೊಂಡಳು. "ಗಣಪತಿ ತಲಿ ಮ್ಯಾಲ ಅದೇನ, ಹೇನಿನ ಹಣಿಗಿಯೇನ?"

"ಹೌದು ಮಾಈ."

"ಇರಲಿ. ಆನೀ ತಲಿ, ದೊಡ್ಡದ ಬೇಕಾಗ್ತದ. ಆರತಿ ಹಚ್ಚರಿ."

ತಾಳ ಶುರುವಾಯಿತು. ಕುಂದಾ ಹಾಡಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡಳು, ಮರದ ಪುಡಿ ಕಣ್ಣಿಗೆ ಹೋಯಿತೆಂದು ಕೇಳಿದವರಿಗೆಲ್ಲ ಹೇಳಿದಳು. ಪ್ರಭಾಕರನಿಗೆ ತಾಳ ಕೊಟ್ಟಿದ್ದರು. ನಡುಗುವ ಕೈಯಲ್ಲಿ ಅದು ಎಲ್ಲರಿಗಿಂತ ಜೋರಾಗಿ ನುಡಿಯುತ್ತಿತ್ತು, ಲಯ ಮಾತ್ರ ಅವನದೇ ಬೇರೆ. ಗೌರಿಯ ಜೊತೆ ಗಣಪತಿ ಹೊರಡುವವರೆಗೂ ಕಮಾನು ಹಾಗೇ ಇತ್ತು. ದರ್ಶನಕ್ಕೆ ಬಂದವರು ಪ್ರಸಾದ ತಿನ್ನುತ್ತ, ಎರಡು ನವಿಲಿನ ನಡುವೆ ಆ ಡೊಂಕು ಗೆರೆ ಬಳ್ಳಿಯೋ ನದಿಯೋ ಎಂದು ವಾದ ಮಾಡಿ, ಯಾರು ಮಾಡಿದ್ದೆಂದು ವಿಳಾಸ ಕೇಳಿಕೊಂಡು ಹೋದರು. ತನಗೇನೂ ಕೇಳಿಸುವುದಿಲ್ಲವೆನ್ನುವ ಮಾಈ ಒಬ್ಬರನ್ನೂ ಬಿಡದೆ ವಿಳಾಸ ಹೇಳಿದಳು.

ಡೊಂಬಿವಲಿಯ ತಂಗಿಗೆ ಬೇರೆ ಯಾರೋ ಸಿಕ್ಕಿದರು.

ಮರುವರ್ಷ ಆಷಾಢದಲ್ಲಿ ಕುಂದಾ ಮತ್ತೆ ಹಾತಿಮ್‌ಭಾಯಿಯ ಅಂಗಡಿಯಲ್ಲಿ ಕೂತಿದ್ದಳು. ಈಗ ಅವಳ ಸೀರೆ ಸುಟ್ಟ ಮರದ ವಾಸನೆ ಹೊಡೆಯುತ್ತಿತ್ತು, ಚಾಳಿನವರು ಅದಕ್ಕೂ ಒಗ್ಗಿಕೊಂಡಿದ್ದರು. ಬೇಕೆಂದವರಿಗೆಲ್ಲ ಕಮಾನು ಎರಡು ಹೋಳಾಗಿಯೇ ಬೇಕಿತ್ತು, ಎಲ್ಲ ಮುಗಿದ ಮೇಲೆ ಕಡೆಗೆ ಏರಿಸಲು ಬರುವ ಹಾಗೆ. ಪ್ರಭಾಕರ ಒಂದು ಕಾಗದದ ಮೇಲೆ ನಡುವಿನ ಗೆರೆ ಎಳೆದು ಕೊಟ್ಟಿದ್ದ. ಒಂದು ವರ್ಷದಲ್ಲಿ ಅವನ ನಡುಕ ಇನ್ನಷ್ಟು ಹೆಚ್ಚಾಗಿತ್ತು. ಇನ್ಸಿಯಾ ಅದನ್ನು ಕಂಪ್ಯೂಟರಿಗೆ ಏರಿಸಿದಳು, ನವಿಲುಗಳನ್ನು ನುಣ್ಣಗೆ ಮಾಡಿದಳು, ನಡುವಿನ ಗೆರೆಯ ಮೇಲೂ ಇಲಿಯ ಬಾಣ ತಂದು ನಿಲ್ಲಿಸಿದಳು.

"ಅದನ್ನ ಮುಟ್ಟಬ್ಯಾಡ" ಎಂದಳು ಕುಂದಾ.

"ಭಾಳ ನಡಗ್ಯದ ಮಾವಶಿ."

"ನಡಗಲಿ. ನಡಗಿದ್ದಕ್ಕ ಹಿಡಕೊಂಡದ ಅದು."

ಇನ್ಸಿಯಾ ಕೈ ತೆಗೆದಳು. ಯಂತ್ರ ಆ ಗೆರೆಯ ಹತ್ತಿರ ಬಂದಾಗ ನಿಂತು ನಿಂತು, ಹೆಜ್ಜೆ ಹೆಜ್ಜೆಗೂ ತಡೆದು, ಬಹಳ ನಿಧಾನವಾಗಿ ಹೋಯಿತು. ಅಂಚು ಕೊಂಚ ಕರಿಯಾಯಿತು. ಕುಂದಾ ಅದು ಮುಗಿಯುವವರೆಗೂ ಬೆನ್ನು ತಿರುಗಿಸದೆ ಗಾಜಿನ ಮುಂದೆ ನಿಂತಿದ್ದಳು.